ಮೊದಲನೆಯದಾ, ಎರಡನೆಯದಾ?

"ಏನೂ ಬೇಡ ಅನ್ನೋರಿಗೆ ಏನು ಬೇಕು ಅಂತ ಕಂಡುಹಿಡಿಯೋದು ಹೇಗೋ?" ಎಂದು ದೊಡ್ಡಪ್ಪ ಒಮ್ಮೆ ನನ್ನನ್ನು ಕೇಳಿದರು. ವಿಜ್ಞಾನದ ಪುಸ್ತಕಗಳನ್ನು ಓದುವವನಿಗೆ ಸಕಲ ಪ್ರಶ್ನೆಗಳಿಗೂ ಉತ್ತರ ತಿಳಿದಿರುತ್ತದೆಂಬ ಭ್ರಮೆ ನಮ್ಮ ಕುಟುಂಬದಲ್ಲಿ ಬಹುಕಾಲದಿಂದ ನೆಲೆಸಿದ್ದು, ಅದನ್ನು ಹೋಗಲಾಡಿಸುವ ಶ್ರಮವನ್ನು ನಾನೂ ಅಷ್ಟಾಗಿ ತೆಗೆದುಕೊಂಡಿರಲಿಲ್ಲ. ಆದರೆ ಆ ಹೊತ್ತಿನಲ್ಲಿ ಉತ್ತರದ ಮಾತಿರಲಿ, ಪ್ರಶ್ನೆ ಕೇಳಿದವರ ಮುಖವೇ ನನಗೆ ಸ್ಪಷ್ಟವಾಗಿ ಕಾಣುತ್ತಿರಲಿಲ್ಲ; ನನ್ನ ಕನ್ನಡಕ ಅವರ ಕೈಯಲ್ಲಿತ್ತು.

ಎದುರಿಗೆ ಕುಳಿತವರ ಮೂಗಿನ ಮೇಲಿಂದ, ಮಾತಿನ ನಡುವೆಯೇ, ಅನುಮತಿಯ ಗೊಡವೆಯಿಲ್ಲದೆ ಕನ್ನಡಕವನ್ನು ಎತ್ತಿಕೊಂಡು, ಕೋಟಿನ ಜೇಬಿನಿಂದ ಹಳದಿ ಬಟ್ಟೆಯೊಂದನ್ನು ಹೊರಗೆಳೆದು ಒರೆಸತೊಡಗುವುದು ಅವರ ಅಭ್ಯಾಸ. ಬ್ಯಾಂಕಿನ ಅಧಿಕಾರಿ, ಹೆಂಡತಿಯ ಅಣ್ಣ, ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತ ಅಪರಿಚಿತ, ಯಾರಿಗೂ ವಿನಾಯಿತಿಯಿರಲಿಲ್ಲ. "ಇಷ್ಟು ಧೂಳಿನೊಳಗಿಂದ ಲೋಕ ನೋಡ್ತೀರಲ್ಲ ಸ್ವಾಮಿ, ಅದಕ್ಕೇ ನಿಮಗೆ ಎಲ್ಲರ ಮೇಲೂ ಸಿಟ್ಟು" ಎಂದು ಅವರು ಹೇಳುವಷ್ಟರಲ್ಲಿ ಅರೆಗುರುಡಾಗಿ ಕುಳಿತ ಆ ಮನುಷ್ಯ ಸಿಟ್ಟನ್ನು ಮರೆತು ನಗುತ್ತಿದ್ದ. ತಲೆಯನ್ನು ತುಸು ಎಡಕ್ಕೆ ವಾಲಿಸಿ, ಹೆಗಲೊಂದನ್ನು ಮುಂದೆ ಮಾಡಿಕೊಂಡು, ಇಕ್ಕಟ್ಟಾದ ಬಾಗಿಲೊಂದನ್ನು ಸದಾ ದಾಟುತ್ತಿರುವವರಂತೆ ಅವರು ನಡೆಯುತ್ತಿದ್ದರು. ನಡೆಯುತ್ತಲೇ ಅಂಗಡಿಗಳ ಫಲಕಗಳಲ್ಲಿ ಯಾರೂ ನೋಡದ ಕೊನೆಯ ಸಾಲಿನ ಸಣ್ಣಕ್ಷರಗಳನ್ನು ಗಟ್ಟಿಯಾಗಿ ಓದುತ್ತಿದ್ದರು. ಕಣ್ಣು ಪರೀಕ್ಷಿಸಿ ಕನ್ನಡಕ ಕೊಡುವ ವೃತ್ತಿಯಿಂದ ನಿವೃತ್ತರಾದ ಮೇಲೂ ಬಿಳಿಯ ಕೋಟು ಮೈಮೇಲಿಂದ ಇಳಿಯಲಿಲ್ಲ. ಮನೆಯಲ್ಲೇಕೆ ಇದು ಎಂದು ಕೇಳಿದರೆ, "ಜೇಬು ಬೇಕಲ್ಲಪ್ಪ" ಎನ್ನುತ್ತಿದ್ದರು.

ಅವರ ಮಾತಿನ ಪಲ್ಲವಿಯೂ ವೃತ್ತಿಯಿಂದಲೇ ಬಂದದ್ದು. ಕತ್ತಲ ಕೋಣೆಯಲ್ಲಿ ಒಂದು ಗಾಜನ್ನು ತೆಗೆದು ಇನ್ನೊಂದನ್ನು ಇಟ್ಟು "ಮೊದಲನೆಯದಾ, ಎರಡನೆಯದಾ?" ಎಂದು ಕೇಳಿ ಕೇಳಿ, ಕೊನೆಗೆ ಕಾಫಿ, ಅಂಗಿ, ಮದುವೆಯ ಸಂಬಂಧ, ಎಲ್ಲವನ್ನೂ ಅವರು ಅದೇ ರಾಗದಲ್ಲಿ ಕೇಳುತ್ತಿದ್ದರು. ಆ ಪ್ರಶ್ನೆಯಲ್ಲಿ ಒಂದು ಕುತಂತ್ರವೂ ಅಡಗಿತ್ತು. ಕೆಲವೊಮ್ಮೆ ಗಾಜನ್ನು ಬದಲಾಯಿಸದೆ, ಬದಲಾಯಿಸಿದಂತೆ ಸದ್ದು ಮಾತ್ರ ಮಾಡಿ, ಅದೇ ಗಾಜನ್ನು ಎರಡು ಸಲ ತೋರಿಸುತ್ತಿದ್ದರು. "ಜನ ಸುಳ್ಳು ಹೇಳಲ್ಲ ಕಣೋ. ಇದು ಪರೀಕ್ಷೆ, ಸರಿಯುತ್ತರ ಕೊಡ್ಬೇಕು ಅಂತ ಒದ್ದಾಡ್ತಾರೆ. ಅದಕ್ಕೇ ನಾನು ಬಾಯಿ ನಂಬಲ್ಲ, ಹುಬ್ಬು ನೋಡ್ತೀನಿ." ಸಂಶಯವನ್ನೇ ಧರ್ಮವೆಂದು ಬಗೆದ ನನಗೆ ಅವರ ಬದುಕಿನಲ್ಲಿ ಇದೊಂದೇ ಶುದ್ಧ ವೈಜ್ಞಾನಿಕ ವಿಧಾನವೆಂದು ತೋರುತ್ತಿತ್ತು. ಉಳಿದಂತೆ ಅವರು ಅವೈಜ್ಞಾನಿಕತೆಯ ಆಗರ.

ದೊಡ್ಡಮ್ಮ ಶಾಲೆಯೊಂದರಲ್ಲಿ ಮಕ್ಕಳಿಗೆ ಹಾಡು ಕಲಿಸುತ್ತಿದ್ದವರು. ಗಂಟಲಿನ ಶಸ್ತ್ರಚಿಕಿತ್ಸೆ ಅವರ ಪ್ರಾಣವನ್ನು ಉಳಿಸಿ ಕಂಠವನ್ನು ಕೊಂಡೊಯ್ದಿತು. ಉಳಿದದ್ದು ಮರಳುಕಾಗದ ಉಜ್ಜಿದಂಥ ಒರಟು ದನಿ. ವೈದ್ಯರು ಪೂರ್ಣ ಗುಣವಾಗಿದೆಯೆಂದರು. ಆದರೆ ಹಾಡಲಾರದವರು ಹಾಡು ಕೇಳುವುದನ್ನೂ ಬಿಟ್ಟರು. ಮುಂದಿನ ಕೋಣೆಯಲ್ಲಿದ್ದ ಆಂಪ್ಲಿಫೈಯರ್, ಆಳೆತ್ತರದ ಮರದ ಸ್ಪೀಕರುಗಳು, ಸಿಡಿ ಪ್ಲೇಯರ್, ಎಲ್ಲದರ ಮೇಲೂ ಬಟ್ಟೆ ಹೊದಿಸಿದರು. ಆಮೇಲೆ ಆ ಮೌನ ಮನೆಯ ಇತರ ಕೋಣೆಗಳಿಗೂ ಹಬ್ಬಿತು. ಕಿಟಕಿಯ ಪರದೆ ಯಾವ ಬಣ್ಣದ್ದಿರಲಿ, ರಾತ್ರಿಗೆ ಏನು ಮಾಡೋಣ, ಏನೇ ಕೇಳಿದರೂ ಅವರ ಉತ್ತರ ಒಂದೇ: "ಯಾವುದಾದರೂ ಸರಿ."

ಹೀಗಿರುವಾಗ ಒಂದು ಬೆಳಿಗ್ಗೆ ದೊಡ್ಡಪ್ಪ ಫೋನು ಮಾಡಿದರು. "ಸಿಡಿ ಪ್ಲೇಯರ್ ಸತ್ತುಹೋಯ್ತು ಕಣೋ."

"ಒಳಗಿನ ಲೆನ್ಸಿಗೆ ಧೂಳು ಕೂತಿರುತ್ತೆ ದೊಡ್ಡಪ್ಪ, ಬಂದು ಒರೆಸಿಕೊಡ್ತೀನಿ."

"ಸತ್ತವರಿಗೆ ಕನ್ನಡಕ ತೊಡಿಸೋಕೆ ಬರ್ತೀಯಾ? ಹೊಸದು ಯಾವುದು ತಗೋಬೇಕು ಹೇಳು."

ನಾನು ಹೋಗುವಷ್ಟರಲ್ಲಿ ಹಳೆಯದು ಅಟ್ಟ ಸೇರಿತ್ತು. ಸಿಡಿ ತಟ್ಟೆಯ ಮೇಲಿರುವುದು ಬರೀ ಅಂಕಿಗಳು, ನೆಟ್ಟಗಿರುವ ಯಾವ ಯಂತ್ರವಾದರೂ ಅದೇ ಅಂಕಿಗಳನ್ನು ಓದುತ್ತದೆ, ಒಂದಕ್ಕೂ ಇನ್ನೊಂದಕ್ಕೂ ಇರುವ ಅಂತರ ಮನುಷ್ಯನ ಕಿವಿಗೆ ಎಟುಕುವುದು ಅಪರೂಪ, ಆದ್ದರಿಂದ ಯಾವುದಾದರೂ ಸರಿ ಎಂದು ನಾನು ಸವಿಸ್ತಾರವಾಗಿ ನಿರೂಪಿಸಿದೆ. ಆಗಲೇ ಅವರು ನನ್ನ ಕನ್ನಡಕವನ್ನು ಎತ್ತಿಕೊಂಡದ್ದು. "ಯಾವುದಾದರೂ ಸರಿ ಅನ್ನೋ ಮಾತು ಈ ಮನೇಲಿ ಈಗಾಗಲೇ ಜಾಸ್ತಿಯಾಗಿದೆ" ಎಂದು ಗಾಜಿಗೆ ಬಾಯಿಯ ಹಬೆಯೂದಿ, ಒರೆಸುತ್ತ, ನಾನು ಮೊದಲು ಹೇಳಿದ ಆ ಪ್ರಶ್ನೆಯನ್ನು ಕೇಳಿದರು.

ಅನಂತರ ಆರಂಭವಾದದ್ದು ಅಂಗಡಿಗಳ ಯಾತ್ರೆ. ದೊಡ್ಡಮ್ಮನಿಲ್ಲದೆ ಅವರು ಯಾವ ಅಂಗಡಿಯ ಮೆಟ್ಟಿಲನ್ನೂ ಹತ್ತಲಿಲ್ಲ. ಭಾರವಾದ ಯಂತ್ರವೇ ಇಂಪಾದ ಯಂತ್ರವೆಂಬ ಸಿದ್ಧಾಂತದಿಂದ ಒಂದೊಂದನ್ನೂ ಕಂಕುಳಲ್ಲಿ ಎತ್ತಿ ನೋಡಿದರು. ನೀಲಿ ದೀಪದ ಯಂತ್ರಗಳಿಗೆ ಶೀತವಾಗಿದೆಯೆಂದು ಪಕ್ಕಕ್ಕೆ ಸರಿಸಿದರು. ನಾನು ತಲೆ ಚಚ್ಚಿಕೊಂಡೆ. ದೊಡ್ಡಮ್ಮನನ್ನು ಸ್ಪೀಕರುಗಳ ಎದುರು ಕೂರಿಸಿ, ಅವರು ಹಿಂದೆ ತರಗತಿಯಲ್ಲಿ ಬಳಸುತ್ತಿದ್ದ ಮಕ್ಕಳ ವೃಂದಗಾನದ ತಟ್ಟೆಯನ್ನೇ ಎಲ್ಲ ಕಡೆಯೂ ಎರಡು ಯಂತ್ರಗಳಲ್ಲಿ ಒಂದಾದ ಮೇಲೊಂದರಂತೆ ಹಾಕಿಸಿ, ದೊಡ್ಡಪ್ಪ ತಾವು ಮಾತ್ರ ಕುರ್ಚಿಯನ್ನು ಸ್ಪೀಕರಿಗೆ ಬೆನ್ನುಮಾಡಿ ತಿರುಗಿಸಿಕೊಂಡು ಕೂರುತ್ತಿದ್ದರು.

"ಸಾರ್, ಸ್ಪೀಕರ್ ಆ ಕಡೆ ಇದೆ" ಎಂದ ಒಬ್ಬ ಮಾರಾಟಗಾರ.

"ಗೊತ್ತಪ್ಪ. ನನಗೆ ಬೇಕಾದ್ದು ಈ ಕಡೆ ಇದೆ."

ಹಾಡು ಮುಗಿದೊಡನೆ "ಮೊದಲನೆಯದಾ, ಎರಡನೆಯದಾ?" ದೊಡ್ಡಮ್ಮ ಕೈಚೀಲದ ಹಿಡಿಕೆಯನ್ನು ನೋಡುತ್ತ "ಯಾವುದಾದರೂ ಸರಿ ಅಂದ್ನಲ್ಲ, ಮನೆಗೆ ಹೋಗೋಣ" ಎನ್ನುವರು. ದೊಡ್ಡಪ್ಪ ಮಾರಾಟಗಾರನಿಗೆ ವಂದನೆ ಹೇಳಿ, ಅವನ ಕನ್ನಡಕವನ್ನೂ ಒರೆಸಿಕೊಟ್ಟು, ಹೊರಬೀಳುವರು. ಮುಂದಿನ ವಾರ ಇನ್ನೊಂದು ಅಂಗಡಿ.

ಇಳಿಜಾರು ಬೀದಿಯೊಂದರ ತಿರುವಿನಲ್ಲಿದ್ದ, ಗೋಡೆಗೂ ಕಂಬಳಿ ಹೊದಿಸಿದಂತಿದ್ದ ಕಿರುಕೋಣೆಯ ಅಂಗಡಿಯಲ್ಲಿ ಅವರು ತಮ್ಮ ಹಳೆಯ ಕುತಂತ್ರವನ್ನು ಹೊರತೆಗೆದರು. ಮಾರಾಟಗಾರನ ಕಿವಿಯಲ್ಲಿ, "ಬಟನ್ ಒತ್ತಿದ ಹಾಗೆ ಮಾಡು, ಯಂತ್ರ ಬದಲಾಯಿಸಬೇಡ" ಎಂದದ್ದು ಪಕ್ಕದಲ್ಲಿದ್ದ ನನಗೂ ಕೇಳಿಸಿತು. ಹಾಡು ಒಮ್ಮೆ ಮುಗಿಯಿತು. ಟಿಕ್ ಎಂದು ಸದ್ದಾಯಿತು. ಅದೇ ಯಂತ್ರದಲ್ಲಿ ಅದೇ ಹಾಡು ಮತ್ತೆ ಮೊದಲಾಯಿತು. ಅರ್ಧಕ್ಕೆ ಬಂದಾಗ ದೊಡ್ಡಮ್ಮನ ಹೆಬ್ಬೆರಳು ಕೈಚೀಲದ ಮೇಲೆ ಮೆಲ್ಲಗೆ ತಾಳ ಹಾಕಿತು, ಹುಬ್ಬು ಗಂಟಿಕ್ಕಿತು, ಗದ್ದಲದ ತರಗತಿಯನ್ನು ಹಿಡಿದು ನಿಲ್ಲಿಸುವವರಂತೆ ಅಂಗೈ ಮೇಲೆದ್ದಿತು.

"ಮೊದಲನೇದರಲ್ಲಿ ಹಿಂದಿನ ಸಾಲಿನ ಮಕ್ಕಳು ಮಂಕಾಗಿ ಹಾಡ್ತಿದ್ರು" ಎಂದರು ಆ ಒರಟು ದನಿಯಲ್ಲಿ. "ಎರಡನೇದೇ ಚೆನ್ನಾಗಿದೆ. ಅದೇ ಇರಲಿ."

ಮಾರಾಟಗಾರ ತುಟಿ ಕಚ್ಚಿ ನಗು ತಡೆದುಕೊಂಡ. ನಾನು ವಿಜಯೋತ್ಸಾಹದಿಂದ ದೊಡ್ಡಪ್ಪನತ್ತ ಬಾಗಿ ಪಿಸುಗುಟ್ಟಿದೆ: "ನೋಡಿದ್ರಾ? ಎರಡೂ ಒಂದೇ ಯಂತ್ರ! ನಾನು ಹೇಳಿದ್ದೇ ನಿಜ ಆಯ್ತಲ್ಲ?"

"ನಿಜ ಕಣೋ, ನೀನು ಹೇಳಿದ್ದು ಪೂರ್ತಿ ನಿಜ" ಎಂದರು ಅವರು. "ಆದ್ರೆ ಹುಬ್ಬು ನೋಡಿದೆಯಾ?" ಹಾಗೆನ್ನುತ್ತ ಜೇಬಿನ ಹಳದಿ ಬಟ್ಟೆಯನ್ನು ತೆಗೆದರು. ಅವರು ತಮ್ಮ ಕನ್ನಡಕವನ್ನೇ ಒರೆಸಿಕೊಂಡದ್ದನ್ನು ನಾನು ಕಂಡದ್ದು ಆಗೊಮ್ಮೆ ಮಾತ್ರ.

"ಹಾಗಾದ್ರೆ ಯಾವುದನ್ನ ಕಟ್ಟಿಕೊಡಲಿ ಸಾರ್?" ಎಂದು ಮಾರಾಟಗಾರ ಕೇಳಿದಾಗ ಅವರಿಗೆ ನಿಜವಾಗಿಯೂ ಕೋಪ ಬಂತು. "ಕಿವಿ ಕೇಳಲ್ವೇನಯ್ಯ? ಎರಡನೆಯದು!"

ಹೊಸ ಯಂತ್ರ ಮನೆಗೆ ಬಂದ ದಿನವೇ ದೊಡ್ಡಮ್ಮ ಜಗಳ ತೆಗೆದರು. ಅದರ ಕೆಳಗೆ ಅಮೃತಶಿಲೆಯ ಹಲಗೆಯಿಟ್ಟರೆ ಸ್ವರ ಗಟ್ಟಿಯಾಗುತ್ತದೆಂಬುದು ದೊಡ್ಡಪ್ಪನ ಇನ್ನೊಂದು ಸಿದ್ಧಾಂತ. "ಮನೇನ ಸ್ಮಶಾನ ಮಾಡ್ಬೇಡಿ, ತೆಗೀರಿ ಅದನ್ನ" ಎಂದರು ದೊಡ್ಡಮ್ಮ. ಬೈಸಿಕೊಂಡ ದೊಡ್ಡಪ್ಪನ ಮುಖದಲ್ಲಿದ್ದ ಹಿಗ್ಗನ್ನು ಯಾವ ಉಪಕರಣವೂ ಅಳೆಯಲಾರದು. ಬಳಿಕ ದೊಡ್ಡಮ್ಮ ಪರದೆಗೆ ಹಸಿರು ಬೇಡ, ನೀಲಿಯೇ ಆಗಬೇಕೆಂದರು. ವರ್ಷ ಕಳೆಯುವುದರೊಳಗೆ ಅಕ್ಕಪಕ್ಕದ ಮಕ್ಕಳು ಸಂಜೆ ಬಂದು ಹಾಡತೊಡಗಿದರು. ದೊಡ್ಡಮ್ಮ ಕಂಠವಿಲ್ಲದೆ, ಬರೀ ಕೈಯಿಂದ, ಹುಬ್ಬಿನಿಂದ, ತಟ್ಟೆಯ ಮೇಲಿನ ಸ್ವರದಿಂದ ಅವರನ್ನು ತಿದ್ದತೊಡಗಿದರು.

ಒಳಿತು ಯಾವುದೆಂದು ನಮಗಿಂತ ಮೊದಲೇ ನಿರ್ಧರಿಸಿ ತಂದು ಮುಂದಿಡುವ ಹಿತೈಷಿಗಳು ಲೋಕದಲ್ಲಿ ಬೇಕಾದಷ್ಟು ಮಂದಿ. ಎರಡನ್ನು ಮುಂದಿಟ್ಟು, ಬೆನ್ನ ಹಿಂದಿನ ಸಂಗೀತವನ್ನು ಬಿಟ್ಟು ನಮ್ಮ ಮುಖವನ್ನೇ ನೋಡುತ್ತ, ನಮ್ಮಲ್ಲಿ ಬೇಕೆಂಬುದು ಮೊಳೆಯುವ ತನಕ ಬೇಸರವಿಲ್ಲದೆ ಕಾಯುವವರು ವಿರಳ. ಅಂಥವರ ಸಿದ್ಧಾಂತಗಳು ತಪ್ಪಿರಬಹುದು. ಅವರ ಗಮನ ತಪ್ಪುವುದಿಲ್ಲ. ಬೇಡವೆನ್ನುವವರಿಗೆ ಏನು ಬೇಕೆಂಬ ಪ್ರಶ್ನೆಗೆ ಉತ್ತರ ನನಗೆ ಇಂದಿಗೂ ತಿಳಿಯದು. ಆದರೆ ಅದನ್ನು ಹುಡುಕುವಾಗ ಯಾವ ಕಡೆ ಮುಖಮಾಡಿ ಕೂರಬೇಕೆಂಬುದು ತಿಳಿದಿದೆ.

ದೊಡ್ಡಪ್ಪ ತೀರಿಕೊಂಡ ಮರುವರ್ಷ, ಹಾಡಲು ಬರುವ ಮಕ್ಕಳು ಹೆಚ್ಚಿದ್ದರಿಂದ, ಮಡಿಸುವ ಕುರ್ಚಿಗಳನ್ನು ಇಳಿಸಿಕೊಡೆಂದು ದೊಡ್ಡಮ್ಮ ನನ್ನನ್ನು ಅಟ್ಟ ಹತ್ತಿಸಿದರು. ಕುರ್ಚಿಗಳ ಹಿಂದೆ, ಹಳದಿ ಬಟ್ಟೆಗಳ ನಡುವೆ ಮಗುವಿನಂತೆ ಸುತ್ತಿಟ್ಟ ಹಳೆಯ ಸಿಡಿ ಪ್ಲೇಯರ್ ಇತ್ತು. ಸತ್ತದ್ದು ಯಾವ ಕಾರಣದಿಂದಿರಬಹುದೆಂಬ ಕುತೂಹಲದಿಂದ ಕೆಳಗೆ ತಂದು, ಹೊಸದರ ತಂತಿಯನ್ನು ಇದಕ್ಕೆ ಸಿಕ್ಕಿಸಿ, ವೃಂದಗಾನದ ತಟ್ಟೆಯನ್ನು ಹಾಕಿದೆ. ಅದು ಎಲ್ಲೂ ತಡವರಿಸದೆ, ಮೊದಲ ಸಾಲಿನಿಂದ ಹಿಂದಿನ ಸಾಲಿನ ತನಕ, ಸ್ವಚ್ಛವಾಗಿ ಹಾಡಿತು.

ಅಡುಗೆಮನೆಯಿಂದ ದೊಡ್ಡಮ್ಮನ ದನಿ ಬಂತು: "ಸ್ವಲ್ಪ ಜೋರು ಮಾಡೋ!"