ಭೂಮಿ ತುಂಬಲು ಎಷ್ಟು ಚಮಚ

ಅಳತೆಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಔಷಧಿ ಅಂಗಡಿಯ ಕೌಂಟರಿನ ಹಿಂದೆ ಅರ್ಧ ಆಯಸ್ಸು ಕಳೆದವಳು ನಾನು. ಯಾವ ಔಷಧಿ ಎಷ್ಟು ಹನಿ ಎಂದು ಡಾಕ್ಟರು ಒಂದು ಸಲ ಹೇಳಿದರೆ ಸಾಕು, ಎರಡನೇ ಸಲ ಕೇಳಿದ್ದೇ ಇಲ್ಲ. ನನ್ನ ಯಜಮಾನರದ್ದು ಇದಕ್ಕೆ ತದ್ವಿರುದ್ಧ. ತಾರಾಲಯದಲ್ಲಿ ದೀಪ ಆರಿಸಿ ಶಾಲೆಯ ಮಕ್ಕಳಿಗೆ ಗ್ರಹಗಳ ಗಾತ್ರ ವಿವರಿಸುವ ಕೆಲಸ.

"ಗುರುಗ್ರಹದೊಳಗೆ ಸಾವಿರಕ್ಕೂ ಹೆಚ್ಚು ಭೂಮಿ ಹಿಡಿಸುತ್ತೆ ಕಣೇ" ಎಂದು ಊಟದ ನಡುವೆ ಶುರುಮಾಡುತ್ತಿದ್ದರು.

"ಹಿಡಿಸಲಿ ಬಿಡಿ. ಮೊದಲು ತಟ್ಟೇಲಿರೋದು ನಿಮ್ಮ ಹೊಟ್ಟೆಗೆ ಹಿಡಿಸಲಿ" ಎನ್ನುತ್ತಿದ್ದೆ. ನಮ್ಮ ಸಂಸಾರ ನಡೆದದ್ದೇ ಹೀಗೆ.

ಅಂಥ ಮಾತಿನಮಲ್ಲ ಗಂಟಲಿನ ಆಪರೇಷನ್ ಆದಮೇಲೆ ಆಸ್ಪತ್ರೆಯ ಮಂಚದಲ್ಲಿ ಬಾಯಿ ಬಿಗಿದು ಮಲಗಿಬಿಟ್ಟರು. ಆಹಾರ ಕೊಡಲು ಮೂಗಿಗೆ ಹಾಕಿದ್ದ ಕೊಳವೆ ತೆಗೆದ ದಿನ ಮೊದಲ ಗುಟುಕೇ ನೆತ್ತಿಗೆ ಹತ್ತಿ ಉಸಿರು ಕಟ್ಟಿತ್ತು. ಅಂದಿನಿಂದ ಚಮಚ ಕಂಡರೆ ಸಾಕು, ಮುಖ ಗೋಡೆಯ ಕಡೆಗೆ. ಮಾತಾಡಬಹುದು ಎಂದು ಡಾಕ್ಟರು ಹೇಳಿದರೂ ಒಂದು ಮಾತಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಆಸಾಮಿ.

ಬೆಳಿಗ್ಗೆ ನರ್ಸ್ ಒಂದು ಚಿಕ್ಕ ಕಪ್ಪಿನಲ್ಲಿ ನೀರು ತಂದಿಟ್ಟಳು. ನೆತ್ತಿಗೆ ಹತ್ತದಿರಲೆಂದು ಪುಡಿ ಬೆರೆಸಿ ತುಸು ಗಟ್ಟಿ ಮಾಡಿದ್ದರು.

"ಅಮ್ಮ, ಡಾಕ್ಟರು ಬರೋ ಹೊತ್ತಿಗೆ ಇಷ್ಟೂ ಒಳಗೆ ಹೋಗಿರಬೇಕು. ಇಲ್ಲಾಂದ್ರೆ ಮತ್ತೆ ಕೊಳವೆ ಹಾಕ್ತಾರೆ. ಆಮೇಲೆ ಇವರು ನುಂಗೋದನ್ನೇ ಮರೆತುಬಿಡ್ತಾರೆ."

ನಾನು ಚಮಚ ಹಿಡಿದು ಹತ್ತಿರ ಕೂತೆ. ಬೇಡಿಕೊಂಡೆ. ಹನಿ ಹನಿ ಕೂಡಿದರೆ ಹಳ್ಳ ಎಂದು ಗಾದೆ ಹೇಳಿದೆ. ಗೋಡೆಗೆ ಹೇಳಿದಂತಾಯಿತು. ಕೊನೆಗೆ ಸಿಟ್ಟು ನೆತ್ತಿಗೇರಿತು.

"ರೀ, ನಾನೇನು ಭೂಮಿ ತುಂಬಿಸಿ ಅಂತ ಕೇಳ್ತಿದ್ದೀನಾ? ಅದಕ್ಕೆ ಎಷ್ಟು ಚಮಚ ಬೇಕು ಗೊತ್ತಾ? ಭೂಮಿ ಅಂದ್ರೆ ಸುಮಾರು ಒಂದರ ಮುಂದೆ ಹನ್ನೆರಡು ಸೊನ್ನೆ, ಅಷ್ಟು ಘನ ಕಿಲೋಮೀಟರ್. ನೀವೇ ಹೇಳಿದ್ದು. ಕಿಲೋಮೀಟರಿಗೆ ಸಾವಿರ ಮೀಟರ್, ಮೂರು ಸೊನ್ನೆ ಸೇರಿಸಿ. ಘನ ಮೀಟರಿಗೆ ಸಾವಿರ ಲೀಟರ್, ಇನ್ನು ಮೂರು. ಲೀಟರಿಗೆ ಇನ್ನೂರು ಚಮಚ. ಎರಡರ ಮುಂದೆ ಇಪ್ಪತ್ತು ಸೊನ್ನೆ. ನಾನು ಕೇಳ್ತಿರೋದು ಬರೀ ಇಪ್ಪತ್ತು ಚಮಚ."

ಮುಖ ಗೋಡೆಯಿಂದ ಈಚೆ ತಿರುಗಿತು. ತಲೆ ಅಡ್ಡಡ್ಡ ಅಲ್ಲಾಡಿತು. ಆರು ಬೆರಳು ಎತ್ತಿ ತೋರಿಸಿದರು.

"ಆರೇ ಚಮಚನಾ? ಆಗಲ್ಲ. ಇಪ್ಪತ್ತೂ ಕುಡೀಬೇಕು."

ಅವರ ಮೂಗಿನ ಹೊಳ್ಳೆ ಅರಳಿತು. ಏನೋ ಹೇಳಲು ಬಾಯಿ ತೆರೆದರು. ಒಣಗಿದ ಗಂಟಲಿನಿಂದ ಬರೀ ಗಾಳಿ ಬಂತು. ನನ್ನ ಕೈಯಿಂದ ಚಮಚ ಕಿತ್ತುಕೊಂಡವರೇ, ನರ್ಸ್ ಹೇಳಿಕೊಟ್ಟಿದ್ದಂತೆ ಗದ್ದ ಎದೆಗೊತ್ತಿ, ಒಂದು ಚಮಚ ನೀರು ನುಂಗಿದರು. ನಾನು ಅವರ ಗಂಟಲನ್ನೇ ನೋಡುತ್ತಿದ್ದೆ. ಕೆಮ್ಮಲಿಲ್ಲ.

"ಘನ" ಎಂದರು. ಧ್ವನಿ ಗೊಗ್ಗರಾಗಿತ್ತು.

"ನಾನೂ ಘನ ಅಂತಲೇ ಅಂದೆ."

ಇನ್ನೊಂದು ಚಮಚ. "ಉದ್ದಕ್ಕೆ ಸಾವಿರ. ಅಗಲಕ್ಕೂ ಸಾವಿರ." ಮತ್ತೊಂದು. "ಎತ್ತರಕ್ಕೂ ಸಾವಿರ. ಒಂಬತ್ತು ಸೊನ್ನೆ ಆಯ್ತು. ನೀನು ಆರನ್ನ ನುಂಗಿಬಿಟ್ಟೆ."

"ನಾನು ಸೊನ್ನೆ ನುಂಗಿದ್ದೀನಿ, ನೀವು ನೀರು ನುಂಗಿ" ಎಂದೆ. ಕಣ್ಣು ಮಂಜಾಗಿತ್ತು.

ಅಷ್ಟರಲ್ಲಿ ನರ್ಸ್ ಬಂದು ಬಾಗಿಲಲ್ಲೇ ನಿಂತಳು. "ಭಲೇ ಅಮ್ಮ. ಬೇಕಂತಲೇ ತಪ್ಪು ಲೆಕ್ಕ ಹೇಳಿದ್ರಾ?"

"ಬೇಕಂತಲೂ ಇಲ್ಲ, ಮಣ್ಣೂ ಇಲ್ಲ. ನಿಜವಾಗ್ಲೂ ತಪ್ಪಿದೆ." ನಮ್ಮ ಅಂಗಡಿಯಲ್ಲಿ ಗ್ರಾಮಿಗೂ ಒಂದೇ ಸಾವಿರ, ಲೀಟರಿಗೂ ಒಂದೇ ಸಾವಿರ. ಆ ರೂಢಿಯಲ್ಲೇ ಭೂಮಿಯನ್ನೂ ಅಳೆದುಬಿಟ್ಟಿದ್ದೆ.

"ಎರಡರ ಮುಂದೆ ಇಪ್ಪತ್ತಾರು ಸೊನ್ನೆ" ಎಂದು ಯಜಮಾನರು ಪಾಠ ಮುಗಿಸಿದರು. ಗೆದ್ದ ಸಮಾಧಾನದಲ್ಲಿ ಚಮಚ ಕೆಳಗಿಟ್ಟು ದಿಂಬಿಗೆ ಒರಗಿದರು. ಕಪ್ಪಿನಲ್ಲಿ ಇನ್ನೂ ಹದಿನೇಳು ಚಮಚ ನೀರಿತ್ತು. ಪಕ್ಕದ ಕೋಣೆಯಲ್ಲಿ ಡಾಕ್ಟರ ಮಾತು ಕೇಳಿಸುತ್ತಿತ್ತು.

"ರೀ, ಈ ಉದ್ದ ಅಗಲ ನನಗೆ ಅರ್ಥವಾಗಲಿಲ್ಲ. ಮೊದಲಿಂದ ಹೇಳಿ" ಎಂದೆ.

ಅವರು ನನ್ನನ್ನೇ ನೋಡಿದರು. ನಾನು ಯಾವುದನ್ನೂ ಎರಡು ಸಲ ಹೇಳಿಸಿಕೊಳ್ಳುವವಳಲ್ಲ ಎಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಈ ಸಲ ಚಮಚಕ್ಕೆ ಕೈ ಚಾಚಲಿಲ್ಲ. ನಾನೇ ಕುಡಿಸಲೆಂದು ಸುಮ್ಮನೆ ಬಾಯಿ ತೆರೆದರು.

ಚಮಚ ತುಂಬಿ ಬಾಯಿಗಿಟ್ಟೆ. ನುಂಗಿದರು.

"ಉದ್ದಕ್ಕೆ ಸಾವಿರ" ಎಂದು ಮೊದಲಿಂದ ಶುರುಮಾಡಿದರು.