ನಗದೆ ಕೂರುವ ಮೂರು ನಿಮಿಷ

ಕಪ್ಪು ಜನರ ಇತಿಹಾಸದ ತಿಂಗಳಾದ ಫೆಬ್ರವರಿ ಬಂತೆಂದರೆ ಶಿಕ್ಷಕಿ ರೋಶೆಲ್ ತನ್ನ ತರಗತಿಯ ಮೇಜುಗಳನ್ನೆಲ್ಲ ಗೋಡೆಗೆ ತಳ್ಳಿ ನಡುವೆ ನಾಲ್ಕು ಎತ್ತರದ ಸ್ಟೂಲು ಇಡಿಸುತ್ತಿದ್ದಳು. ೧೯೬೦ರಲ್ಲಿ, ಬಿಳಿಯರಿಗೆ ಮಾತ್ರ ಎಂದಿದ್ದ ಊಟದ ಕಟ್ಟೆಗೆ, ಅಂದರೆ ಲಂಚ್ ಕೌಂಟರಿಗೆ, ಹೋಗಿ ಪ್ರತಿಭಟನೆಗೆ ಕೂರುವ ಮೊದಲು, ಅಮೆರಿಕದ ಅದೇ ಊರಿನ ಕಪ್ಪು ಹುಡುಗ ಹುಡುಗಿಯರು ಚರ್ಚಿನ ನೆಲಮಾಳಿಗೆಯಲ್ಲಿ ಹೀಗೆಯೇ ತಾಲೀಮು ಮಾಡಿದ್ದರು. ನಾಲ್ವರು ಕೂರಬೇಕು, ಉಳಿದವರು ಬೆನ್ನ ಹಿಂದೆ ನಿಂತು ಕೆಣಕಬೇಕು. ಕೂತವರು ಮೂರು ನಿಮಿಷ ತಿರುಗಬಾರದು, ಮಾತಾಡಬಾರದು, ನಗಬಾರದು. ಹೊಲಸು ಬೈಗುಳ ಮಾತ್ರ ಬೇಡ ಎಂಬುದು ರೋಶೆಲ್‌ಳ ಕಟ್ಟಪ್ಪಣೆ.

ಇಪ್ಪತ್ತೆರಡು ವರ್ಷದಿಂದ ಅವಳ ಪಾಠ ಒಂದೇ ಮಾತಿನಲ್ಲಿ ಮುಗಿಯುತ್ತಿತ್ತು: "ನನ್ನ ತಾಯಿ ಆ ಕಟ್ಟೆಯಲ್ಲಿ ಕೂತವರು." ತಾಯಿ ಅರ್ನೆಸ್ಟೀನ್ ಹೌದೆಂದೂ ಹೇಳಿರಲಿಲ್ಲ, ಅಲ್ಲವೆಂದೂ ಹೇಳಿರಲಿಲ್ಲ. ಆ ವಿಷಯ ಎತ್ತಿದರೆ ಓವನ್ ನೋಡಲು ಎದ್ದು ಹೋಗುತ್ತಿದ್ದಳು. ಅದು ದೊಡ್ಡವರ ವಿನಯ ಎಂದುಕೊಂಡಿದ್ದಳು ರೋಶೆಲ್. ಆ ವಿನಯದ ಎದುರು ತಾನು ಯಾವಾಗಲೂ ಒಂದು ಗೇಣು ಗಿಡ್ಡ ಎಂದೂ ಅನ್ನಿಸುತ್ತಿತ್ತು. ಅಂಥ ತಾಯಿ ಇವತ್ತು ತಾನಾಗಿಯೇ ಶಾಲೆಗೆ ಬರುತ್ತೇನೆ ಎಂದಿದ್ದಳು. ಶುಕ್ರವಾರ ಗೋಡೆಗೆ ಏರಲಿದ್ದ 'ಕೂತವರು' ಎಂಬ ಹಲಗೆಯಲ್ಲಿ ಹುಡುಗರು ಅವಳ ಹೆಸರನ್ನು ಎಲ್ಲಕ್ಕಿಂತ ಮೇಲೆ ಬರೆದಿದ್ದರು.

ದುರದೃಷ್ಟಕ್ಕೆ ಆಕೆ ಬಾಗಿಲಲ್ಲಿ ನಿಂತ ಗಳಿಗೆಯಲ್ಲೇ ಇಮಾನಿ ಎಂಬ ಹುಡುಗಿ ಸ್ಟೂಲಿನ ಮೇಲಿದ್ದ ಡಶಾನ್‌ನ ಕಿವಿಯ ಹತ್ತಿರ, "ಈ ಶೂ ನಿಮ್ಮಜ್ಜನ ಮದುವೇದೇನೋ?" ಎಂದಳು. ಡಶಾನ್ ತುಟಿ ಕಚ್ಚಿದ. ಮೂಗಿನಿಂದ ಹಂದಿಯಂಥ ಸದ್ದು ಹೊರಟಿತು. ಇಡೀ ತರಗತಿ ಒಬ್ಬರ ಮೇಲೊಬ್ಬರು ಬಿದ್ದು ನಗತೊಡಗಿತು.

"ಸಾಕು! ಇದೇನು ಆಟವೇನ್ರೋ? ಇವರು ಯಾರು ಗೊತ್ತಾ?" ರೋಶೆಲ್‌ಳ ಮುಖ ಬಿಸಿಯಾಯಿತು.

ಆದರೆ ಎಲ್ಲರಿಗಿಂತ ಜೋರು ನಗು ಬಾಗಿಲಿನಿಂದಲೇ ಬಂತು. ಅರ್ನೆಸ್ಟೀನ್ ಹಳದಿ ಟೋಪಿ ಹಿಡಿದುಕೊಂಡು ಒಳಗೆ ಬಂದು, ತಾನು ತಂದಿದ್ದ ಗೆಣಸಿನ ಪೈ ತಟ್ಟೆಯನ್ನು ಡಶಾನ್‌ನ ಮಡಿಲಿಗೆ ಹಾಕಿ ಕಣ್ಣೊರೆಸಿಕೊಂಡಳು.

"ಅಯ್ಯೋ ಮಗಾ, ನಾನೂ ಥೇಟ್ ಹೀಗೇ ಫೇಲಾಗಿದ್ದು. ಒಂದ್ಸಲ ಅಲ್ಲ, ಮೂರು ಸಲ!"

ನಕ್ಕು ಬಿದ್ದಿದ್ದವರೆಲ್ಲ ಅವಳತ್ತ ತಿರುಗಿದರು.

"ಪಾದ್ರಿ ಮಗ ಬಿಳಿ ಗೂಂಡಾನ ಪಾರ್ಟು ಮಾಡ್ತಿದ್ದ. ಅವನದ್ದೋ, ಇಲಿಮರಿ ದನಿ. 'ಏಳು ಮೇಲೆ' ಅಂತ ಕೀರಲು ಕಿರುಚಿದ್ರೆ ನನಗೆ ತಡೆಯೋಕಾಗ್ತಿರಲಿಲ್ಲ. ಅಲ್ಲಿ ನೀನು ನಕ್ಕರೆ ಪಕ್ಕದಲ್ಲಿ ಕೂತವರ ತಲೆ ಒಡೀತಾರೆ ಅಂದ್ರು. ನಿಜಾನೇ. ನನ್ನನ್ನ ಅಡುಗೆಮನೆಗೆ ಹಾಕಿದ್ರು. ಜೈಲಿಗೆ ಹೋದವರಿಗೆಲ್ಲ ಸ್ಯಾಂಡ್‌ವಿಚ್ ಕಟ್ಟಿ ಕಳಿಸಿದೆ. ಆ ಕಟ್ಟೇಲಿ ನಾನು ಕೂರಲೇ ಇಲ್ಲ. ಹಲಗೆ ಮೇಲೆ ಸುಳ್ಳು ಏರಬಾರದು ಅಂತ ಬಂದೆ."

ಇಪ್ಪತ್ತೆರಡು ಫೆಬ್ರವರಿಗಳು ರೋಶೆಲ್‌ಳ ಕಣ್ಣ ಮುಂದೆ ಸಾಲಾಗಿ ನಿಂತವು. ನಾಚಿಕೆಯಾಗಬೇಕಿತ್ತು. ಆಯಿತು ಕೂಡ. ಆದರೆ ಅದರ ಅಡಿಯಿಂದ ಕಚಗುಳಿಯಂಥದ್ದೇನೋ ಏರಿ ಬಂತು.

"ಅಮ್ಮಾ! ಚರ್ಚಲ್ಲಿ ನಕ್ಕಿದ್ದಕ್ಕೆ ನನ್ನ ತೊಡೆ ನೀಲಿಯಾಗೋ ಹಾಗೆ ಚಿವುಟ್ತಿದ್ದೆಯಲ್ಲ!"

"ಮತ್ತೇನು? ನನ್ನ ರೋಗ ನಿನಗೂ ಬಂದಿತ್ತಲ್ಲೇ. ಹೆದರಿಕೆಯಾಗ್ತಿತ್ತು." ಅರ್ನೆಸ್ಟೀನ್ ಸ್ಟೂಲಿನತ್ತ ಕೈ ತೋರಿದಳು. "ಅತ್ತ ಸರಿಯೋ. ನನ್ನ ಪರೀಕ್ಷೆ ಬಾಕಿ ಇದೆ."

ಡಶಾನ್ ಮತ್ತು ಇಮಾನಿ ಎರಡೂ ತೋಳು ಹಿಡಿದು ಕೂರಿಸಿದರು. ಈಗ ಕೆಣಕಬೇಕು. ಆದರೆ ಅವರು ಹಿರಿಯರಿಗೆ 'ಅಮ್ಮಾವ್ರೇ' ಎನ್ನದೆ ಬಾಯಿ ತೆರೆದು ಗೊತ್ತಿಲ್ಲದ ಮಕ್ಕಳು.

"ಏಯ್... ಏಳ್ರಿ ಮೇಲೆ... ಅಮ್ಮಾವ್ರೇ," ಎಂದ ಡಶಾನ್. "ನಿಮಗೆ ಆದ್ರೆ."

"ಇದೇನೋ ಇದು, ಕೆಣಕೋದೋ ಕೈ ಮುಗಿಯೋದೋ? ರೋಶೆಲ್, ನೀನೇ ಬಾರೇ."

ಐವತ್ತಾರು ವರ್ಷದಲ್ಲಿ ರೋಶೆಲ್ ತಾಯಿಗೆ ಒಂದೇ ಒಂದು ಎದುರುಮಾತು ಆಡಿದವಳಲ್ಲ. ತಾಯಿಯ ಬೆನ್ನ ಹಿಂದೆ ಹೋಗಿ ನಿಂತಳು. ಇಮಾನಿ ಗಡಿಯಾರದ ಗುಂಡಿ ಒತ್ತಿದಳು.

"ಏಯ್ ಮುದುಕಿ," ಎಂದಳು ರೋಶೆಲ್.

ಆಕಾಶವೇನೂ ಕಳಚಿ ಬೀಳಲಿಲ್ಲ.

"ಆ ಟೋಪಿ ಏನು, ಬಾಳೆಹಣ್ಣಿನ ಸಿಪ್ಪೆಯಾ? ನೀನು ಹಾಡಿದ್ರೆ ಚರ್ಚಿನ ಕಾಯಿರ್‌ನವರೆಲ್ಲ ಕಿವಿಗೆ ಹತ್ತಿ ಇಟ್ಕೋತಾರೆ, ಗೊತ್ತಾ?" ಮಾತು ಇಳಿಜಾರಿನಲ್ಲಿ ಉರುಳುವ ಚಕ್ರದಂತೆ ಓಡಿತು. ಅರ್ನೆಸ್ಟೀನ್ ನೆಟ್ಟಗೆ ಗೋಡೆ ನೋಡುತ್ತಿದ್ದಳು. ಟೋಪಿಯ ಗರಿ ಮಾತ್ರ ತುಸು ನಡುಗಿತು. "ಮತ್ತೆ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮಾಡಿದ್ದೆಯಲ್ಲ ಮ್ಯಾಕರೋನಿ! ಅದನ್ನ ನಾವೆಲ್ಲ ಕರವಸ್ತ್ರದಲ್ಲಿ ಸುತ್ತಿ ನಾಯಿಗೆ... ನಾಯಿಗೆ..."

ಅಷ್ಟಕ್ಕೇ ರೋಶೆಲ್‌ಳ ನಗು ಕಟ್ಟೆಯೊಡೆಯಿತು. ಮೇಜು ಹಿಡಿದುಕೊಂಡು ನೆಲಕ್ಕೆ ಕುಸಿದಳು. ಹುಡುಗರೂ ಕುಸಿದರು. ಅರ್ನೆಸ್ಟೀನ್ ಒಬ್ಬಳೇ, ಅರವತ್ತು ವರ್ಷ ಮೀರಿದ ಬಾಕಿಯನ್ನು ಬೆನ್ನು ಬಾಗಿಸದೆ ತೀರಿಸುತ್ತ ಕೂತಿದ್ದಳು.

"ಮೂರು ನಿಮಿಷ! ಪಾಸು!" ಎಂದು ಇಮಾನಿ ಚೀರಿದಳು.

ರೋಶೆಲ್ ಕಣ್ಣೊರೆಸಿಕೊಂಡು ಎದ್ದು, ಹಲಗೆಯ ಮೇಲ್ತುದಿಯಲ್ಲಿದ್ದ ತಾಯಿಯ ಹೆಸರನ್ನು ಅಳಿಸಿದಳು. ಅದನ್ನೇ ಕೆಳಗೆ ತಂದು, ತಾಯಿಯ ಕಡೆ ಒಮ್ಮೆ ನೋಡಿ ಬರೆದಳು: ಅರ್ನೆಸ್ಟೀನ್, ನಕ್ಕು ಹೊರಬಿದ್ದವಳು, ಸ್ಯಾಂಡ್‌ವಿಚ್ ಕಟ್ಟಿದವಳು.

ಅರ್ನೆಸ್ಟೀನ್ ಅದನ್ನು ನಿಧಾನವಾಗಿ ಓದಿದಳು, ತಲೆಯಾಡಿಸಿದಳು, ಆಮೇಲೆ ಸ್ಟೂಲಿನ ಮೇಲೆಯೇ ಪೂರ್ತಿ ತಿರುಗಿದಳು.

"ಅದಿರಲಿ, ಯಾವ ನಾಯಿಗೆ?"