ಷಡಕ್ಷರಪ್ಪ ಕಾರು ನೋಡಿದ್ದು

ಅಜ್ಜಂಪುರದ ಎಣ್ಣೆ ಮಿಲ್ಲಿನ ಷಡಕ್ಷರಪ್ಪ ಯಾವುದನ್ನೂ ಸುಮ್ಮನೆ ಕೊಳ್ಳುವವರಲ್ಲ. ಮನೆಗೊಂದು ರೇಡಿಯೋ ಬೇಕೆಂದಾಗ ಅಂಗಡಿಯವನಿಂದ 'ನೋಡೋಕೆ' ಅಂತ ಒಂದನ್ನು ಇಸಿದುಕೊಂಡು ಬಂದು, ಒಂದು ಚುನಾವಣೆಯ ಫಲಿತಾಂಶವನ್ನೂ ಎರಡು ಕ್ರಿಕೆಟ್ ಪಂದ್ಯಗಳನ್ನೂ ಪೂರ್ತಿ ಕೇಳಿ, ಶಬ್ದ ಒರಟು ಎಂದು ವಾಪಸು ಕೊಟ್ಟಿದ್ದರು. ದೊಡ್ಡವರೆಂದು ಅಂಗಡಿಯವನು ಅದನ್ನು ಒಳಗೆ ತೆಗೆದಿಟ್ಟುಕೊಂಡ. ತಾವು ವ್ಯವಹಾರಸ್ಥರು ಎಂದು ಷಡಕ್ಷರಪ್ಪ ನಂಬಿದ್ದರು. ಊರಿನವರು ಅದಕ್ಕೆ ಬೇರೆ ಹೆಸರು ಇಟ್ಟಿದ್ದರು, ಅವರ ಎದುರಿಗೆ ಹೇಳುತ್ತಿರಲಿಲ್ಲ, ಅಷ್ಟೆ.

ಅಂಥವರಿಗೆ ೧೯೮೫ರಲ್ಲಿ ಕಾರಿನ ಆಸೆ ಹುಟ್ಟಿತು. ಕಾರಣ ಮಗನ ಮದುವೆ. ಮಗ ಓಂಕಾರಮೂರ್ತಿ ಬಿ.ಕಾಂ. ಮುಗಿಸಿ ಮಿಲ್ಲಿನಲ್ಲೇ ಕೂತಿದ್ದ. ಪಂಚನಹಳ್ಳಿಯ ಈರಭದ್ರಪ್ಪನವರ ಮಗಳನ್ನು ನೋಡಿ ಒಪ್ಪಿಯೂ ಆಗಿತ್ತು. ಈರಭದ್ರಪ್ಪನವರಿಗೆ ನೂರಾರು ತೆಂಗಿನ ಮರ, ಮನೆ ಮುಂದೆ ಟ್ರ್ಯಾಕ್ಟರ್. ಅಂಥ ಬೀಗರ ಮುಂದೆ ಬಸ್ಸಿನಿಂದ, ಅದೂ ಕಂಡಕ್ಟರನ ಬಾಯಲ್ಲಿ 'ಬೇಗ ಇಳೀರಿ ಯಜಮಾನ್ರೇ' ಅನ್ನಿಸಿಕೊಂಡು ಇಳಿಯುವುದು ಹೇಗೆ?

ಕಡೂರಿನ ಕಂಟ್ರಾಕ್ಟರ್ ದೇವೀರಪ್ಪನ ಹತ್ತಿರ ಮಾರುವ ಕಾರೊಂದಿದೆ ಎಂದು ಗೊತ್ತಾಯಿತು. ಅದು ಮಾಮೂಲಿ ಅಂಬಾಸಿಡರ್ ಅಲ್ಲ. ಡಿಕ್ಕಿ ಇರಬೇಕಾದ ಕಡೆ ಚಾವಣಿಯೇ ಹಾಗೆ ಹಿಂದಕ್ಕೆ ಸಾಗಿ, ಕೊನೆಗೆ ಅಗಲವಾದ ಬಾಗಿಲಿದ್ದ ಉದ್ದನೆಯ ಗಾಡಿ. ಗಾಡಿಯ ನೋಂದಣಿ ಪುಸ್ತಕದಲ್ಲಿ ಎಸ್ಟೇಟ್ ಎಂದಿತ್ತು, ಕಡೂರಿನವರು ವ್ಯಾನು ಎನ್ನುತ್ತಿದ್ದರು. ಯಾರೋ ಅದರ ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಕೂರಿಸಿದ್ದರು. ಮುಂದೆ ಬೀಗರನ್ನು ಕೂರಿಸಬಹುದು, ಹಿಂದೆ ಎಣ್ಣೆ ಡಬ್ಬ ತುಂಬಬಹುದು, ಡೀಸೆಲ್ಲೋ ಪೆಟ್ರೋಲಿಗಿಂತ ಎಷ್ಟೋ ಅಗ್ಗ. ಮರ್ಯಾದೆ ಮತ್ತು ಲಾಭ ಎರಡೂ ಒಂದೇ ಗಾಡಿಯಲ್ಲಿ ಸಿಕ್ಕುವುದನ್ನು ಕಂಡು ಷಡಕ್ಷರಪ್ಪನವರಿಗೆ ಮೈ ಜುಮ್ಮೆಂದಿತು. ಅದನ್ನು ಮುಖದಲ್ಲಿ ತೋರಿಸಲಿಲ್ಲ.

ಗಾಡಿ ಪರೀಕ್ಷೆಗೆ ತರೀಕೆರೆಯ ಮೆಕ್ಯಾನಿಕ್ ಅಸದುಲ್ಲಾನನ್ನು ಕರೆದುಕೊಂಡು ಹೋದರು. ಬಸ್ ಸ್ಟ್ಯಾಂಡಿನ ಹಿಂದೆ ಅವನ ಶೆಡ್ಡು. ಮಾತು ಕಡಿಮೆ, ಕೈ ಒಳ್ಳೆಯದು. ಅಸದುಲ್ಲಾ ಬಾನೆಟ್ ಎತ್ತಿ ಎಂಜಿನ್ ಶುರು ಮಾಡಿಸಿ ಆಯಿಲ್ ಹಾಕುವ ಮುಚ್ಚಳ ತೆಗೆದ. ಒಳಗಿನಿಂದ ಹೊಗೆ ಬುಸುಬುಸು ಎಂದು ಬಂತು. ಹಿಂದಿನ ಮ್ಯಾಟ್ ಎತ್ತಿ ಬೆರಳಿನಿಂದ ಒತ್ತಿದ. ತಗಡು ಹಪ್ಪಳದಂತೆ ಮುರಿದು ಕೆಳಗಿನ ರಸ್ತೆ ಕಂಡಿತು. ಕೊನೆಗೆ ಡ್ರೈವರ್ ಸೀಟಿನಲ್ಲಿ ಬಗ್ಗಿ ಪೆಡಲ್ಲುಗಳನ್ನು ನೋಡಿದ.

"ಮೀಟ್ರು ನೋಡು ಸಾಬ್ರೇ, ನಲವತ್ತೊಂದು ಸಾವಿರ ಕಿಲೋಮೀಟ್ರು. ನಿನ್ನೆ ಮೊನ್ನೆ ತಂದಂಗೈತೆ," ಎಂದ ದೇವೀರಪ್ಪ.

"ನಲವತ್ತೊಂದು ಹೌದು ಸಾರ್," ಎಂದ ಅಸದುಲ್ಲಾ. "ಆದ್ರೆ ಈ ಮೀಟ್ರು ಒಂದು ಲಕ್ಷ ಆದ್ರೆ ಮತ್ತೆ ಸೊನ್ನೆಗೆ ಬತ್ತದೆ. ಪೆಡಲ್ ರಬ್ಬರ್ ಸವೆದು ಕಬ್ಬಿಣ ಕಾಣ್ತಾ ಐತೆ. ಎರಡು ಸುತ್ತು ಹೊಡ್ದು ಬಂದೈತೆ ಇದು." ಷಡಕ್ಷರಪ್ಪನವರ ಕಡೆ ತಿರುಗಿ, "ಬ್ಯಾಡ ಸಾವ್ಕಾರ್ರೇ. ಪುಗಸಟ್ಟೆ ಕೊಟ್ರೂ ತಗೋಬ್ಯಾಡಿ," ಎಂದ.

ದೇವೀರಪ್ಪ ಇಪ್ಪತ್ತೆಂಟು ಸಾವಿರ ಹೇಳಿದ. ಷಡಕ್ಷರಪ್ಪ ಹದಿನೈದು ಎಂದರು. ಪುಗಸಟ್ಟೆ ಎಂಬ ಮಾತು ಮಾತ್ರ ಅವರ ಕಿವಿಯೊಳಗೆ ಎಲ್ಲೋ ಹೋಗಿ ಕೂತಿತು.

"ಇಷ್ಟು ದೊಡ್ಡ ವ್ಯವಹಾರ, ಒಂದೇ ದಿನದಲ್ಲಿ ಆಗತ್ತಾ ದೇವೀರಪ್ಪ? ಒಂದೆರಡು ಸಲ ಟ್ರಯಲ್ ನೋಡ್ಬೇಕಪ್ಪ," ಎಂದರು.

"ನೋಡಿ, ನೋಡಿ. ಡೀಸೆಲ್ ಮಾತ್ರ ನಿಮ್ದು," ಎಂದ ದೇವೀರಪ್ಪ.

ಹೀಗೆ ಟ್ರಯಲ್ ಶುರುವಾಯಿತು. ಏರು ರಸ್ತೆಯಲ್ಲಿ ಹೇಗೆ ಎಳೆಯುತ್ತದೆ ನೋಡಲು ತರೀಕೆರೆಗೆ ಹೋಗಿ ಮಿಲ್ಲಿನ ಮೋಟಾರು ತಂದರು. ಭಾರ ತಡೆಯುತ್ತದೋ ನೋಡಲು ಸಿಂಗಟಗೆರೆಗೆ ಎಂಟು ಚೀಲ ಕಡಲೆಕಾಯಿ ಹಿಂಡಿ ಸಾಗಿಸಿದರು. ದೂರದ ಓಟ ಪರೀಕ್ಷಿಸಲು ಹೆಂಡತಿ ಅಂಬಮ್ಮನವರ ತಾಯಿಯನ್ನು ಶಿವಮೊಗ್ಗದ ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದರು. ಆಪರೇಷನ್ ಆದ ಮೇಲೆ ಪಟ್ಟಿ ಬಿಚ್ಚಿಸುವುದಕ್ಕೆ ಇನ್ನೊಂದು ಟ್ರಯಲ್ ಆಯಿತು. ಡ್ರೈವಿಂಗ್ ಬಾರದ ಷಡಕ್ಷರಪ್ಪ ಪ್ರತಿ ಸಲವೂ ಅಸದುಲ್ಲಾನನ್ನೇ ಕರೆಸುತ್ತಿದ್ದರು. "ನೀನೇ ಓಡ್ಸಿದ್ರೆ ದೋಷ ಗೊತ್ತಾಗೋದು ಕಣಯ್ಯ." ಅವನಿಗೆ ಕೂಲಿ ಎಂದರೆ ಒಂದು ಬಾಟ್ಲಿ ಕಡಲೆಕಾಯಿ ಎಣ್ಣೆ. ಶೆಡ್ಡಿನಲ್ಲಿ ಬೇರೆ ಗಾಡಿಗಳು ಕಾಯುತ್ತಿದ್ದವು. ಆದರೂ ಅವನು ಬರುತ್ತಿದ್ದ; ದುಡ್ಡು ಕೊನೆಗೆ ಒಟ್ಟಿಗೆ ಕೊಡ್ತೀನಿ ಎಂದು ಹಿರಿಯರು ಹೇಳಿದ ಮೇಲೆ ಇಲ್ಲವೆನ್ನುವುದು ಹೇಗೆ ಎಂಬ ಸಂಕೋಚ.

ದೇವೀರಪ್ಪನೂ ದಡ್ಡನಲ್ಲ. ಗಾಡಿ ಹೊರಟಾಗಲೆಲ್ಲ, "ಹೆಂಗೂ ಆ ಕಡೆ ಹೋಗ್ತೀರಲ್ಲ," ಎಂದು ಸಿಮೆಂಟಿನ ಚೀಲವನ್ನೋ ಕಬ್ಬಿಣದ ಸರಳನ್ನೋ ಹಿಂದೆ ಹಾಕಿಸುತ್ತಿದ್ದ. ಷಡಕ್ಷರಪ್ಪನವರ ಡೀಸೆಲ್ಲಿನಲ್ಲಿ ಅವನ ಎರಡು ಸೇತುವೆ ಕೆಲಸಕ್ಕೆ ಸಾಮಾನು ಹೋಯಿತು. ಅವನನ್ನು ಇವರು ಮಂಕನೆಂದುಕೊಂಡರು, ಇವರನ್ನು ಅವನು ಮಂಕರೆಂದುಕೊಂಡ. ಮೂರು ತಿಂಗಳು ಇಬ್ಬರೂ ಬಹಳ ಸಂತೋಷವಾಗಿದ್ದರು.

"ಕೊಳ್ಳೋದಾದ್ರೆ ಕೊಂಡ್ಬಿಡಿ, ಇಲ್ದಿದ್ರೆ ಬಿಟ್ಬಿಡಿ," ಎಂದರು ಅಂಬಮ್ಮ. "ನಾಚ್ಕೆ ಆಗ್ತದೆ ನನಗೆ."

"ನಿನಗೆ ವ್ಯವಹಾರ ತಿಳಿಯಲ್ಲ, ಸುಮ್ಕಿರು," ಎಂದರು ಷಡಕ್ಷರಪ್ಪ.

ಶ್ರಾವಣ ಕಳೆದ ಮೇಲೆ ಪಂಚನಹಳ್ಳಿಯವರು ಹುಡುಗನ ಮನೆ ನೋಡಲು ಬರುವ ದಿನ ಗೊತ್ತಾಯಿತು. ಷಡಕ್ಷರಪ್ಪ ತಾವೇ ಹೋಗಿ ಕರೆತರುವುದೆಂದು ನಿಶ್ಚಯಿಸಿ, 'ಫ್ಯಾಮಿಲಿ ಕೂತ್ರೆ ಹೆಂಗಿರ್ತದೆ ನೋಡ್ಬೇಕು' ಎಂದು ದೇವೀರಪ್ಪನಿಂದ ಗಾಡಿ ತೆಗೆದುಕೊಂಡರು. ಹಿಂದಿನ ತೂತಿನ ಮೇಲೆ ಹಲಗೆ ಹಾಕಿ ಜಮಖಾನ ಹಾಸಿದರು. ಪಂಚನಹಳ್ಳಿಯಲ್ಲಿ ಈರಭದ್ರಪ್ಪ ಗಾಡಿಯ ಸುತ್ತ ಒಂದು ಸುತ್ತು ಬಂದು, "ಯಾವಾಗ ತಗೊಂಡ್ರಿ?" ಎಂದರು.

ಷಡಕ್ಷರಪ್ಪ ಬಾನೆಟ್ಟಿನ ಮೇಲೆ ಕೈ ಇಟ್ಟರು. ಈಗ ನಿಜ ಹೇಳಿದ್ದರೂ ಆಗುತ್ತಿತ್ತು.

"ಮೂರು ತಿಂಗಳಾಯ್ತು. ನಮ್ದೇ ಗಾಡಿ, ಹತ್ತಿ ಹತ್ತಿ," ಎಂದುಬಿಟ್ಟರು.

ಅಂಬಮ್ಮ ಕಿಟಕಿಯಾಚೆ ನೋಡಿದರು. ಅಸದುಲ್ಲಾ ಕನ್ನಡಿ ಒರೆಸಿದ.

ಮುಂದಿನ ಸೀಟಿನಲ್ಲಿ ಇಬ್ಬರು ಬೀಗರು, ನಡುವೆ ಅಂಬಮ್ಮ, ಈರಭದ್ರಪ್ಪನವರ ಮುದಿ ತಾಯಿ ಯಲ್ಲಮ್ಮ ಮತ್ತು ಹೆಂಡತಿ, ಹಿಂದೆ ಜಮಖಾನದ ಮೇಲೆ ಓಂಕಾರಮೂರ್ತಿ ಮತ್ತು ಹುಡುಗಿಯ ಇಬ್ಬರು ಚಿಕ್ಕಪ್ಪಂದಿರು. ಕಡೂರಿಗೆ ಬಂದಾಗ ರೈಲ್ವೆ ಗೇಟು ಹಾಕಿತ್ತು. ಗೇಟಿನ ಪಕ್ಕದ ಹೋಟೆಲಿನ ಮುಂದೆ ಬೀಡಿ ಸೇದುತ್ತ ನಿಂತಿದ್ದವನು ದೇವೀರಪ್ಪ.

ಷಡಕ್ಷರಪ್ಪ ತಲೆ ತಗ್ಗಿಸಿ ಚಪ್ಪಲಿ ಸರಿಮಾಡಿಕೊಳ್ಳತೊಡಗಿದರು. ಚಪ್ಪಲಿ ಸರಿಯಾಗಿಯೇ ಇತ್ತು. ದೇವೀರಪ್ಪ ನಿಧಾನಕ್ಕೆ ಬಂದು ಕಿಟಕಿಗೆ ಕೈ ಇಟ್ಟ. ಒಳಗಿದ್ದ ಹೊಸ ಸೀರೆಗಳನ್ನೂ ತಾಂಬೂಲದ ತಟ್ಟೆಯನ್ನೂ ಈರಭದ್ರಪ್ಪನವರ ಜರಿ ಪೇಟವನ್ನೂ ನೋಡಿದ. ಈಗ ಇವನು 'ನನ್ ಗಾಡಿ ಯಾವಾಗ ವಾಪಸು ಕೊಡ್ತೀರಿ' ಎಂದರೆ ಮಗನ ಮದುವೆ ಈ ಗೇಟಿನಲ್ಲೇ ಮುಗಿಯಿತು.

"ಏನ್ ಷಡಕ್ಷರಪ್ಪೋರೇ," ಎಂದ ದೇವೀರಪ್ಪ, ಹೋಟೆಲಿನೊಳಗಿನವರಿಗೂ ಕೇಳುವಂತೆ, "ನಿಮ್ ಗಾಡಿ ಚೆನ್ನಾಗಿ ಓಡ್ತಾ ಐತಾ?"

ಷಡಕ್ಷರಪ್ಪನವರಿಗೆ ಹೋದ ಜೀವ ಬಂದಂತಾಯಿತು. ಅವನ ಕಾಲು ಮುಟ್ಟೋಣವೆನ್ನಿಸಿತು. "ಓ, ಭೇಷಾಗಿ ಓಡ್ತಾ ಐತಪ್ಪ! ನಮ್ ಗಾಡಿಗೇನಾಗೈತೆ?" ಎಂದು ಅವನಿಗಿಂತ ಗಟ್ಟಿಯಾಗಿ ಹೇಳಿದರು.

"ಹಂಗಾದ್ರೆ ಸರಿ," ಎಂದು ದೇವೀರಪ್ಪ ಈರಭದ್ರಪ್ಪನವರಿಗೆ ಕೈ ಮುಗಿದು ಹೋಟೆಲಿಗೆ ನಡೆದ. ಎಷ್ಟು ಒಳ್ಳೆಯ ಮನುಷ್ಯ ಎಂದುಕೊಂಡರು ಷಡಕ್ಷರಪ್ಪ.

ಬೀರೂರು ದಾಟಿ, ಅಜ್ಜಂಪುರ ಇನ್ನು ನಾಲ್ಕೈದು ಮೈಲಿ ಇದೆ ಎನ್ನುವಾಗ, ಅಮೃತಮಹಲ್ ದನ ಮೇಯುವ ಕಾವಲಿನ ಪಕ್ಕದಲ್ಲಿ ಎಂಜಿನ್ ಒಮ್ಮೆ ಕೆಮ್ಮಿತು. ಬಾನೆಟ್ಟಿನ ಸಂದಿಯಿಂದ ಬಿಳಿ ಹೊಗೆ ಎದ್ದಿತು. ಅಸದುಲ್ಲಾ ಗಾಡಿ ಬದಿಗೆ ನಿಲ್ಲಿಸಿ ಎಲ್ಲರನ್ನೂ ಇಳಿಸಿದ. ರೇಡಿಯೇಟರ್ ಕುದಿಯುತ್ತಿತ್ತು. "ಎಂಜಿನ್ನಿನ ಹೆಡ್ಡು ಹೋಯ್ತು ಸಾವ್ಕಾರ್ರೇ. ಇನ್ನು ಎಳಕೊಂಡೇ ಹೋಗ್ಬೇಕು," ಎಂದ. ನಾನು ಹೇಳಿರಲಿಲ್ಲವೇ ಎಂದು ಅವನು ಅನ್ನಲಿಲ್ಲ. ಅಂದಿದ್ದರೆ ಷಡಕ್ಷರಪ್ಪನವರಿಗೆ ಅವನ ಮೇಲೆ ರೇಗುವ ಅವಕಾಶವಾದರೂ ಸಿಗುತ್ತಿತ್ತು.

ಬಿಸಿಲು ಜೋರಾಗಿತ್ತು. ಕಾವಲಿನ ಉದ್ದ ಕೊಂಬಿನ ದನಗಳು ಮೇವು ಬಿಟ್ಟು ಬೇಲಿಯ ಹತ್ತಿರ ಬಂದು ನಿಂತು ನೋಡಿದವು. ಯಲ್ಲಮ್ಮ ಸೆರಗು ತಲೆಗೆ ಎಳೆದುಕೊಂಡು, "ಕಾರು ಅಂದ್ರೆ ಕೂತ್ಕೊಂಡು ಹೋಗೋದು ಅಂದ್ಕಂಡಿದ್ದೆ ಕಣಪ್ಪಾ. ನಡ್ಕಂಡು ಹೋಗೋದು ಅಂತ ಗೊತ್ತಿರ್ಲಿಲ್ಲ," ಎಂದಳು. ಷಡಕ್ಷರಪ್ಪ ಇದೇ ಮೊದಲ ಸಲ ಹೀಗಾಗಿದ್ದೆಂದೂ, ಡೀಸೆಲ್ ಕಲಬೆರಕೆಯಾಗಿರಬೇಕೆಂದೂ, ಸರ್ಕಾರವೇ ಸರಿಯಿಲ್ಲವೆಂದೂ ವಿವರಿಸುತ್ತ ನಿಂತರು. ಅಷ್ಟರಲ್ಲಿ ಓಂಕಾರಮೂರ್ತಿ ಯಾರಿಗೂ ಹೇಳದೆ ಬೇಲಿ ದಾಟಿ ಹೋಗಿ, ದನ ಕಾಯುವವರ ಬಾವಿಯಿಂದ ಒಂದು ತಂಬಿಗೆ ನೀರು ತಂದು ಮುದುಕಿಗೆ ಕೊಟ್ಟ. ಆಮೇಲೆ ಅವಳನ್ನು ನೆರಳಿಗೆ ಕೂರಿಸಿ ಎತ್ತಿನ ಗಾಡಿ ಹುಡುಕಲು ಹೋದ. ಬೀಗರು ಅವನು ತಂದ ಎತ್ತಿನ ಗಾಡಿಯಲ್ಲೇ ಅಜ್ಜಂಪುರ ಸೇರಿದರು.

ಮರುದಿನ ಬೆಳಗ್ಗೆ ಮೊದಲ ಬಸ್ಸಿಗೆ ದೇವೀರಪ್ಪ ಮಿಲ್ಲಿಗೆ ಬಂದ. ಕೈಯಲ್ಲಿ ಗಾಡಿಯ ಕಾಗದ ಪತ್ರ.

"ನಿನ್ ಗಾಡಿ ಕಾವಲಿನತ್ರ ನಿಂತೈತೆ, ತಗೊಂಡು ಹೋಗಪ್ಪ. ನನಗೆ ಹಿಡಿಸ್ಲಿಲ್ಲ," ಎಂದರು ಷಡಕ್ಷರಪ್ಪ.

"ನನ್ ಗಾಡಿನಾ?" ದೇವೀರಪ್ಪ ಬೆಂಚಿನ ಮೇಲೆ ಆರಾಮಾಗಿ ಕೂತ. "ನೆನ್ನೆ ಗೇಟಿನತ್ರ ಇಡೀ ಹೋಟ್ಲಿಗೆ ಕೇಳಂಗೆ ನಮ್ ಗಾಡಿ ಅಂದ್ರಲ್ಲ? ನಾನೂ ಸರಿ, ಇಪ್ಪತ್ತೆಂಟಕ್ಕೆ ಒಪ್ಕೊಂಡ್ರು ಅಂದ್ಕೊಂಡೆ. ಅನುಮಾನ ಇದ್ರೆ ಹೇಳಿ, ಪಂಚನಹಳ್ಳಿಗೆ ಹೋಗಿ ಬೀಗರನ್ನೇ ಕೇಳ್ಕೊಂಡು ಬತ್ತೀನಿ, ಗಾಡಿ ಯಾರ್ದು ಅಂತ."

ಷಡಕ್ಷರಪ್ಪ ಗೋಡೆ ನೋಡಿದರು, ಗಾಣ ನೋಡಿದರು. ಹದಿನೈದು ಎಂದರು. ದೇವೀರಪ್ಪ ಎದ್ದು ಚಪ್ಪಲಿ ಮೆಟ್ಟಿದ. ಇಪ್ಪತ್ತು ಎಂದರು. ಅವನು ಪಂಚನಹಳ್ಳಿಗೆ ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದ. ಜೀವನದಲ್ಲೇ ಮೊದಲ ಸಲ ಷಡಕ್ಷರಪ್ಪ ಮಾರುವವನು ಹೇಳಿದ ಬೆಲೆಗೇ ಒಂದು ಸಾಮಾನು ಕೊಂಡರು. ಅದು ಆಗ ಕಾವಲಿನ ಪಕ್ಕ ನಿಂತಿತ್ತು, ಒಳಗೆ ಎರಡು ಕರು ನೆರಳಿಗೆ ತಲೆ ಹಾಕಿದ್ದವು.

ಅಸದುಲ್ಲಾ ಎತ್ತು ಕಟ್ಟಿಸಿ ಗಾಡಿಯನ್ನು ಮಿಲ್ಲಿಗೆ ತಂದ. ರಿಪೇರಿಗೆ ಎಷ್ಟಾಗುತ್ತದೆ ಎಂದು ಷಡಕ್ಷರಪ್ಪ ಕೇಳಿದಾಗ, "ಅದು ಆಮ್ಯಾಕೆ. ಮೂರು ತಿಂಗಳು ಓಡ್ಸಿದ್ದು ಮೊದ್ಲು ಕೊಡಿ," ಎಂದ.

"ಅದನ್ನ ನೋಡಿ ಹೇಳ್ತೀನಿ ಕಣಯ್ಯ..."

ಬಾಗಿಲಲ್ಲಿ ನಿಂತಿದ್ದ ಅಂಬಮ್ಮ ಒಳಗೆ ಬಂದರು. ಗಂಡನನ್ನು ಕೇಳದೆ ಗಲ್ಲಾಪೆಟ್ಟಿಗೆ ಎಳೆದು, ಅಸದುಲ್ಲಾ ಹೇಳಿದಷ್ಟನ್ನು ತೆಗೆದು ಅವನ ಕೈಗಿಟ್ಟರು. "ನಿನ್ ತಾಯಿಗೆ ಅಂತ ಒಂದು ಡಬ್ಬ ಎಣ್ಣೇನೂ ತಗೊಂಡು ಹೋಗಪ್ಪ. ಅದು ಕೂಲಿ ಅಲ್ಲ," ಎಂದರು.

ವಾರ ಕಳೆದ ಮೇಲೆ ಪಂಚನಹಳ್ಳಿಯಿಂದ ಒಪ್ಪಿಗೆ ಬಂತು. ಈರಭದ್ರಪ್ಪನವರಿಗೆ ಸ್ವಲ್ಪ ಹಿಂದು ಮುಂದು ಇತ್ತಂತೆ. ಯಲ್ಲಮ್ಮನೇ, "ಅಪ್ಪನ್ನ ನೋಡಿ ಹೆಣ್ಣು ಯಾರು ಕೊಡ್ತಾರೋ, ಹುಡುಗ ನೀರು ತಂದ್ಕೊಟ್ಟ ಕಣೋ," ಎಂದು ಮಾತು ಮುಗಿಸಿದಳಂತೆ. ಜೊತೆಗೆ ಒಂದು ಷರತ್ತು ಹೇಳಿ ಕಳಿಸಿದ್ದಳು: ಮೊಮ್ಮಗಳನ್ನು ಆ ಕಾರಿಗೆ ಹತ್ತಿಸಬಾರದು.

ಮದುವೆ ಮುಗಿದು ದಿಬ್ಬಣ ಪಂಚನಹಳ್ಳಿಯಿಂದ ಹೊರಟಿತು. ಗಂಡು, ಹೆಣ್ಣು, ಅಂಬಮ್ಮ, ನೆಂಟರಿಷ್ಟರೆಲ್ಲ ಬಾಡಿಗೆ ಬಸ್ಸಿನಲ್ಲಿ ಹಾಡಿಕೊಂಡು ಹೋದರು. ಇಪ್ಪತ್ತೆಂಟು ಸಾವಿರ ಕೊಟ್ಟು, ಹೊಸ ಹೆಡ್ಡು ಹಾಕಿಸಿದ ಗಾಡಿಯನ್ನು ಬಿಟ್ಟು ಬಸ್ಸು ಹತ್ತಲು ಷಡಕ್ಷರಪ್ಪನವರಿಗೆ ಮನಸ್ಸು ಒಪ್ಪಲಿಲ್ಲ. ಬಾಡಿಗೆ ಡ್ರೈವರನ ಪಕ್ಕ ಜರಿ ಪೇಟ ಸುತ್ತಿಕೊಂಡು ಒಬ್ಬರೇ ಕೂತರು. ಹಿಂದೆ ಮಿಕ್ಕ ಬಾಳೆ ಎಲೆ, ಖಾಲಿ ಡಬ್ಬ. ಬಸ್ಸಿನ ಧೂಳೆಲ್ಲ ಗಾಡಿಯೊಳಗೆ ಬರುತ್ತಿತ್ತು.

"ಮುಂದಕ್ಕೆ ಹಾಕಯ್ಯ," ಎಂದರು ಷಡಕ್ಷರಪ್ಪ, ಟವಲಿನಿಂದ ಮೂಗು ಮುಚ್ಚಿಕೊಂಡು.

"ಪೂರ್ತಿ ಒತ್ತೇ ಇದೀನಿ ಯಜಮಾನ್ರೇ," ಎಂದ ಡ್ರೈವರ್, "ಇದು ಇಷ್ಟೇ ಹೋಗೋದು."